ಈಜುಕೊಳದ ಪಕ್ಕದ ಬೋರ್ಡು ಯಾರನ್ನು ಕಾಯುತ್ತದೆ?

2024ರ ನವೆಂಬರ್ 17ರ ಭಾನುವಾರ ಬೆಳಿಗ್ಗೆ ಮಂಗಳೂರಿನ ಹತ್ತಿರ ಉಚ್ಚಿಲದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ವಿದ್ಯಾರ್ಥಿನಿಯರು ಮುಳುಗಿ ಸತ್ತರು. ಒಬ್ಬಳು ಆಳದ ಕಡೆಗೆ ಹೋಗಿ ಕಾಲು ನೆಲೆ ತಪ್ಪಿದಳು, ಅವಳನ್ನು ಹಿಡಿಯಲು ಇನ್ನೊಬ್ಬಳು ಹೋದಳು, ಇಬ್ಬರನ್ನೂ ಉಳಿಸಲು ಮೂರನೆಯವಳು. ಎಲ್ಲವೂ ಸಿಸಿಟಿವಿ ಕ್ಯಾಮೆರಾದಲ್ಲಿ ದಾಖಲಾಯಿತು. ಕ್ಯಾಮೆರಾ ಇತ್ತು, ಅದನ್ನು ನೋಡುವವರು ಇರಲಿಲ್ಲ. ಕೊಳದ ಬಳಿ ಜೀವರಕ್ಷಕ ಇರಲಿಲ್ಲ, ಆಳ ಎಲ್ಲಿ ಎಷ್ಟೆಂಬ ಗುರುತು ಇರಲಿಲ್ಲ ಎಂದು ಪೊಲೀಸರು ಹೇಳಿದರು. ಮಾಲೀಕರನ್ನೂ ಮ್ಯಾನೇಜರನ್ನೂ ಬಂಧಿಸಿದರು, ಪರವಾನಗಿ ಅಮಾನತಾಯಿತು, ರೆಸಾರ್ಟಿಗೆ ಬೀಗ ಬಿತ್ತು.

ಇಂಥ ಪ್ರತಿ ಸಾವಿನ ನಂತರವೂ ನಮ್ಮಲ್ಲಿ ನಡೆಯುವುದು ಇಷ್ಟೇ: ಎಫ್‌ಐಆರ್, ಬಂಧನ, ಬೀಗ, ಒಂದು ವಾರ ಜಿಲ್ಲೆಯ ಎಲ್ಲ ರೆಸಾರ್ಟುಗಳ ತಪಾಸಣೆ. ಜನರ ಸಿಟ್ಟು ಇಳಿಯುವುದಕ್ಕೆ ಇದು ಸಾಕು. ಸತ್ತವರ ಮನೆಗೆ ಇದರಿಂದ ಏನೂ ಸಿಗುವುದಿಲ್ಲ. ಪಕ್ಕದ ತಾಲ್ಲೂಕಿನ ಇನ್ನೊಂದು ಈಜುಕೊಳ ಇದರಿಂದ ಸುರಕ್ಷಿತವಾಗುವುದೂ ಇಲ್ಲ. ಅತಿಥಿಗೆ ಪೆಟ್ಟಾದಾಗ ಮಾಲೀಕನ ಹೊಣೆ ಎಷ್ಟು ಎಂಬ ಪ್ರಶ್ನೆಗೆ ನಮ್ಮ ನ್ಯಾಯಾಲಯಗಳು ತಕ್ಕಮಟ್ಟಿಗೆ ಸ್ಪಷ್ಟ ಉತ್ತರವನ್ನೇ ಕೊಟ್ಟಿವೆ. ಆ ಹೊಣೆಗೆ ಬೇಕಾದ ಹಣ ಎಲ್ಲಿಂದ ಬರಬೇಕು ಎಂಬುದನ್ನು ಮಾತ್ರ ಯಾರೂ ಕೇಳಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಮೊದಲು, ಇಂಥ ಸುದ್ದಿ ಬಂದಾಗಲೆಲ್ಲ ಕೇಳಿಬರುವ ಮಾತನ್ನು ನೋಡೋಣ: ‘ಈಜು ಬಾರದವರು ನೀರಿಗೆ ಯಾಕೆ ಇಳಿಯಬೇಕಿತ್ತು?’ ಬುದ್ಧಿವಂತಿಕೆಯ ಪ್ರಶ್ನೆಯಂತೆ ಕೇಳಿಸುತ್ತದೆ. ಆದರೆ ರೆಸಾರ್ಟುಗಳು ಈಜುಕೊಳ ಕಟ್ಟಿಸುವುದು ಈಜುಗಾರರಿಗಲ್ಲ. ನೀರಿನಲ್ಲಿ ಒಂದು ಗಂಟೆ ನಿಂತು, ಒಬ್ಬರಿಗೊಬ್ಬರು ಎರಚಿಕೊಂಡು, ನಾಲ್ಕು ಫೋಟೊ ತೆಗೆಸಿಕೊಂಡು ಹೋಗುವವರಿಗೆ. ಬಂದವರಲ್ಲಿ ಹೆಚ್ಚಿನವರಿಗೆ ಈಜು ಬಾರದು ಎಂಬುದು ಯಾವ ಮ್ಯಾನೇಜರಿಗೂ ಗೊತ್ತಿರುವ ಸಂಗತಿ. ಈಜು ಬಾರದವರನ್ನು ನಂಬಿಕೊಂಡು ಕಟ್ಟಿದ ಕೊಳದಲ್ಲಿ ಈಜು ಬಾರದವನು ಮುಳುಗಿದರೆ ಅದನ್ನು ಅನಿರೀಕ್ಷಿತ ಎನ್ನುವುದು ಹೇಗೆ?

ಇನ್ನು ನೀರು ಮಾಡುವ ಮೋಸ. ಮೇಲಿನಿಂದ ನೋಡುವ ಕಣ್ಣಿಗೆ ನೀರಿನ ಆಳ ಇರುವುದರ ಮುಕ್ಕಾಲು ಭಾಗದಷ್ಟೇ ಕಾಣುತ್ತದೆ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದರಿಂದ ಹೀಗಾಗುತ್ತದೆಂದು ಹೈಸ್ಕೂಲಿನಲ್ಲಿ ಓದಿರುತ್ತೇವೆ. ಎಂಟು ಅಡಿಯ ಕೊಳ ದಡದಲ್ಲಿ ನಿಂತವನಿಗೆ ಆರು ಅಡಿಯಂತೆ ತೋರುತ್ತದೆ. ತಳಕ್ಕೆಲ್ಲ ಒಂದೇ ನೀಲಿ ಟೈಲ್ಸ್ ಹಾಕಿದ್ದರೆ ಇಳಿಜಾರು ಎಲ್ಲಿ ಶುರುವಾಗುತ್ತದೆ ಎಂಬುದೂ ತಿಳಿಯುವುದಿಲ್ಲ. ಮೂರೂವರೆ ಅಡಿಯಲ್ಲಿ ನಿಂತವನು ನಾಲ್ಕು ಹೆಜ್ಜೆ ಹಿಂದೆ ಸರಿದರೆ ಸಾಕು. ಮುಳುಗುವವನು ಸಿನಿಮಾದಲ್ಲಿ ತೋರಿಸುವ ಹಾಗೆ ಕೈಬೀಸಿ ಕೂಗುವುದೂ ಇಲ್ಲ. ಉಸಿರಿಗೇ ಬಾಯಿ ಸಾಲದಿರುವಾಗ ಕೂಗು ಎಲ್ಲಿಂದ ಬರಬೇಕು? ಪಕ್ಕದಲ್ಲೇ ಇದ್ದವರು ಆಟವಾಡುತ್ತಿದ್ದಾನೆ ಎಂದುಕೊಂಡಿರುತ್ತಾರೆ. ಕೆಲವೇ ನಿಮಿಷ ಆಮ್ಲಜನಕ ಸಿಗದಿದ್ದರೆ ಮೆದುಳಿಗೆ ಮತ್ತೆ ಸರಿಹೋಗದ ಹಾನಿ. ಕೊಳದ ಬಳಿ ಬೇರೇನೂ ಕೆಲಸವಿಲ್ಲದೆ ನೀರನ್ನೇ ನೋಡುತ್ತ ಕೂರುವ ಒಬ್ಬ ಮನುಷ್ಯ ಬೇಕು ಎನ್ನುವುದು ಈ ಕಾರಣಕ್ಕೆ.

ಬೇರೇನೂ ಕೆಲಸವಿಲ್ಲದೆ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲೊಂದು ಕೋವಳಂನಲ್ಲಿದೆ. 2006ರಲ್ಲಿ ಅಲ್ಲಿ ತಂಗಿದ್ದ ಅತಿಥಿಯೊಬ್ಬರು ಈಜುಕೊಳದಲ್ಲಿ ಮುಳುಗಿ ಸತ್ತರು. ಜೀವರಕ್ಷಕ ಇದ್ದ. ಆದರೆ ಅವನಿಗೇ ಬಾರಿನಲ್ಲಿ ಮದ್ಯ ಬೆರೆಸಿ ಕೊಡುವ ಕೆಲಸವನ್ನೂ ವಹಿಸಿದ್ದರು. ರಾಷ್ಟ್ರೀಯ ಗ್ರಾಹಕ ಆಯೋಗ 62.5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ನಿಗಮ ಸುಪ್ರೀಂ ಕೋರ್ಟಿಗೆ ಹೋಯಿತು. 2019ರಲ್ಲಿ ಕೋರ್ಟು ಆಯೋಗದ ತೀರ್ಮಾನವನ್ನೇ ಎತ್ತಿಹಿಡಿಯಿತು: ಲೋಟ ತುಂಬುವ ಕೆಲಸಕ್ಕೂ ಜೀವ ಕಾಯುವ ಕೆಲಸಕ್ಕೂ ಹೊಂದಿಕೆಯಾಗದು, ಒಬ್ಬನಿಗೇ ಎರಡನ್ನೂ ಒಪ್ಪಿಸಿದ್ದೇ ನಿರ್ಲಕ್ಷ್ಯ ಎಂಬುದು ಅದರ ತಾತ್ಪರ್ಯ. ನಮ್ಮ ಯಾವುದೇ ಮಧ್ಯಮ ದರ್ಜೆಯ ರೆಸಾರ್ಟಿಗೆ ಹೋಗಿ ನೋಡಿ. ಬೆಳಿಗ್ಗೆ ಬಲೆ ಹಿಡಿದು ಎಲೆ ತೆಗೆದು ಕ್ಲೋರಿನ್ ಹಾಕುವ ಹುಡುಗನೇ ಹನ್ನೊಂದಕ್ಕೆ ರೂಮಿಗೆ ಕಾಫಿ ತರುತ್ತಾನೆ, ಸಂಜೆ ಕ್ಯಾಂಪ್‌ಫೈರಿಗೆ ಸೌದೆ ಜೋಡಿಸುತ್ತಾನೆ. ಕೇಳಿದರೆ ಅವನೇ ಲೈಫ್‌ಗಾರ್ಡ್. ಅವನಿಗೆ ಈಜು ಬರುತ್ತದೆಯೇ ಎಂದು ಯಾರೂ ಕೇಳಿರುವುದಿಲ್ಲ.

ಇದಕ್ಕೂ ಹಳೆಯ ಒಂದು ಪ್ರಕರಣವಿದೆ, ಕಾನೂನು ವಿದ್ಯಾರ್ಥಿಗಳೆಲ್ಲ ಓದುವಂಥದ್ದು. 1972ರಲ್ಲಿ ದೆಹಲಿಯ ಪಂಚತಾರಾ ಹೋಟೆಲೊಂದರಲ್ಲಿ ತಂಗಿದ್ದ ಜರ್ಮನ್ ವಿಮಾನ ಸಂಸ್ಥೆಯ ಸಹ-ಪೈಲಟ್ ಒಬ್ಬ ಈಜುಕೊಳಕ್ಕೆ ಧುಮುಕಿದ. ತಲೆ ತಳಕ್ಕೆ ಬಡಿದು ಪಾರ್ಶ್ವವಾಯು ಪೀಡಿತನಾದ. ದಾವೆ ಹೂಡಿದ. 1985ರಲ್ಲಿ ಸತ್ತ. ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ 1997ರಲ್ಲಿ 50 ಲಕ್ಷ ರೂಪಾಯಿ ಪರಿಹಾರದ ತೀರ್ಪು ಕೊಟ್ಟರು. ಅವರ ವಾದಸರಣಿಯ ತಿರುಳು ಇಷ್ಟು: ಪಂಚತಾರಾ ಹೋಟೆಲು ಹೆಚ್ಚು ದರ ವಸೂಲು ಮಾಡುತ್ತದೆ, ಆ ದರದಲ್ಲಿ ಅತಿಥಿಯ ಸುರಕ್ಷತೆಯ ಬೆಲೆಯೂ ಸೇರಿದೆ, ಆದ್ದರಿಂದ ಅದು ಹೊರಬೇಕಾದ ಎಚ್ಚರದ ಭಾರವೂ ಹೆಚ್ಚು. ಒಳ್ಳೆಯ ಮಾತು. ಆದರೆ ಮೇಲ್ಮನವಿಯಲ್ಲಿ ವಿಭಾಗೀಯ ಪೀಠ, ವಾದಿ ಸತ್ತ ಮೇಲೆ ಆ ದಾವೆಯ ಹಕ್ಕು ಉಳಿಯುವುದಿಲ್ಲ ಎಂಬ ಕಾರಣಕ್ಕೆ ತೀರ್ಪನ್ನು ರದ್ದು ಮಾಡಿತು. ಧುಮುಕಿದ್ದು ಒಂದು ಕ್ಷಣ, ವ್ಯಾಜ್ಯ ಸುಮಾರು ಮೂವತ್ತು ವರ್ಷದ ಲೆಕ್ಕ, ಕೊನೆಗೆ ಕೈಗೆ ಬಂದದ್ದು ಸೊನ್ನೆ.

ಲಾಹೋಟಿಯವರ ತತ್ವದಲ್ಲಿ ಒಂದು ಅಪಾಯವೂ ಇದೆ ಎಂದು ನನಗನ್ನಿಸುತ್ತದೆ. ದುಬಾರಿ ಹೋಟೆಲಿಗೆ ಹೆಚ್ಚು ಹೊಣೆ ಎಂದರೆ ಅಗ್ಗದ ಹೋಂಸ್ಟೇಗೆ ಕಡಿಮೆ ಹೊಣೆ ಎಂದು ಓದಿಕೊಳ್ಳುವವರಿದ್ದಾರೆ. ಊಟದ ರುಚಿ, ಹಾಸಿಗೆಯ ಮೆತ್ತನೆ ದರಕ್ಕೆ ತಕ್ಕಂತೆ ಇರಲಿ. ಸಾವಿರದೈನೂರು ಕೊಟ್ಟವನ ಪ್ರಾಣಕ್ಕೂ ಹದಿನೈದು ಸಾವಿರ ಕೊಟ್ಟವನ ಪ್ರಾಣಕ್ಕೂ ಬೇರೆ ಬೇರೆ ದರಪಟ್ಟಿ ಇರಲಾಗದು. ಹೊಣೆಯನ್ನು ಅಳೆಯಬೇಕಾದದ್ದು ದರದಿಂದಲ್ಲ, ಹಿಡಿತದಿಂದ. ಜಿಪ್‌ಲೈನಿನ ಹಗ್ಗ ಎಷ್ಟು ಸವೆದಿದೆ, ಬಾಲ್ಕನಿಯ ಕಂಬಿ ಎಲ್ಲಿ ತುಕ್ಕು ಹಿಡಿದಿದೆ, ಬಾತ್‌ರೂಮಿನ ಸ್ವಿಚ್‌ನಿಂದ ಶಾಕ್ ಹೊಡೆಯುತ್ತದೆಯೇ ಎಂಬುದನ್ನು ತಿಳಿಯುವ, ತಿಳಿದು ಸರಿಪಡಿಸುವ ಸಾಮರ್ಥ್ಯ ಒಬ್ಬನಿಗೆ ಮಾತ್ರ ಇದೆ. ನಿನ್ನೆ ರಾತ್ರಿ ಬಂದು ನಾಳೆ ಹೊರಡುವ ಅತಿಥಿಗೆ ಅದು ಸಾಧ್ಯವಿಲ್ಲ.

ಅದಕ್ಕೇ ಬೋರ್ಡಿನ ಪ್ರಶ್ನೆ. ‘ಸ್ವಂತ ಜವಾಬ್ದಾರಿಯ ಮೇಲೆ ನೀರಿಗಿಳಿಯಿರಿ, ಆಡಳಿತ ಮಂಡಳಿ ಹೊಣೆಯಲ್ಲ’ ಎಂಬ ಬೋರ್ಡು ಈಗ ಎಲ್ಲ ಕೊಳಗಳ ಬಳಿಯೂ ಇದೆ. ಬಹುತೇಕ ಕಡೆ ಇಂಗ್ಲಿಷಿನಲ್ಲಿ ಮಾತ್ರ. ರಿಸೆಪ್ಷನ್‌ನಲ್ಲಿ ಆಧಾರ್ ಪ್ರತಿ ಕೊಟ್ಟು ಸಹಿ ಹಾಕುವ ಹಾಳೆಯ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಅದೇ ಮಾತು. ರ‍್ಯಾಫ್ಟಿಂಗ್, ಜಿಪ್‌ಲೈನ್‌ಗಾದರೆ ಪ್ರತ್ಯೇಕ ಮುಚ್ಚಳಿಕೆ. ಇಂಗ್ಲೆಂಡಿನಲ್ಲಿ 1977ರಿಂದಲೇ ಕಾನೂನು ಖಡಾಖಂಡಿತವಾಗಿದೆ: ತನ್ನ ನಿರ್ಲಕ್ಷ್ಯದಿಂದ ಆದ ಸಾವು ಅಥವಾ ಗಾಯದ ಹೊಣೆಯನ್ನು ವ್ಯಾಪಾರಸ್ಥ ಯಾವ ಕರಾರು, ಯಾವ ನೋಟಿಸಿನಿಂದಲೂ ಕಳಚಿಕೊಳ್ಳುವಂತಿಲ್ಲ. ನಮ್ಮ ಕಾನೂನು ಆಯೋಗ ಕರಾರುಗಳ ಅನ್ಯಾಯದ ಷರತ್ತುಗಳ ಬಗ್ಗೆ 1984ರಲ್ಲೊಮ್ಮೆ, 2006ರಲ್ಲೊಮ್ಮೆ ವರದಿ ಕೊಟ್ಟಿತು. ಅಂಥ ನೇರ ಕಾಯ್ದೆ ಇವತ್ತಿಗೂ ಬಂದಿಲ್ಲ. ಆದರೂ ಬೋರ್ಡಿಗೆ ಮಾಲೀಕರು ಅಂದುಕೊಂಡಷ್ಟು ಬಲವಿಲ್ಲ. ದೆಹಲಿಯ ದೊಡ್ಡ ಹೋಟೆಲೊಂದರಲ್ಲಿ ವ್ಯಾಲೆಟ್ ಪಾರ್ಕಿಂಗಿಗೆ ಕೊಟ್ಟ ಕಾರು 1998ರಲ್ಲಿ ಕಳುವಾಯಿತು. ಟೋಕನ್ನಿನ ಮೇಲೆ ‘ವಾಹನದ ಮಾಲೀಕರ ಜವಾಬ್ದಾರಿ’ ಎಂದು ಅಚ್ಚಾಗಿತ್ತು. ಸ್ವಂತ ನೌಕರರ ನಿರ್ಲಕ್ಷ್ಯವನ್ನು ಇಂಥ ಅಚ್ಚುಮಾತಿನಿಂದ ಮುಚ್ಚಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು. ಕಾರಿನ ವಿಷಯದಲ್ಲಿ ನಿಲ್ಲದ ಷರತ್ತು ಮಗುವಿನ ಪ್ರಾಣದ ವಿಷಯದಲ್ಲಿ ನಿಲ್ಲಬೇಕೆಂದು ವಾದಿಸಲು ಯಾವ ವಕೀಲರಿಗೂ ಕಷ್ಟವಾಗಬೇಕು.

ಹಾಗಾದರೆ ಮುಚ್ಚಳಿಕೆಗೆ ಅರ್ಥವೇ ಇಲ್ಲವೇ? ಇದೆ, ಒಂದು ಮಿತಿಯಲ್ಲಿ. ಹೊಳೆಯ ರಭಸದಲ್ಲಿ ರ‍್ಯಾಫ್ಟ್ ಮಗುಚಬಹುದು ಎಂಬುದು ಆ ಆಟದೊಳಗೇ ಇರುವ ಅಪಾಯ. ಅದನ್ನು ಒಪ್ಪಿಕೊಂಡೇ ಹತ್ತುತ್ತೇವೆ. ಲೈಫ್ ಜಾಕೆಟ್ಟಿನ ಬಕಲ್ ಮುರಿದಿರುವುದು ಆಟದ ಅಪಾಯವಲ್ಲ, ಆಡಿಸುವವನ ತಪ್ಪು. ಎತ್ತರದಿಂದ ಜಾರುವ ಭಯಕ್ಕೆ ನಾವು ದುಡ್ಡು ಕೊಡುತ್ತೇವೆ, ಹಗ್ಗ ತುಂಡಾಗುವುದಕ್ಕಲ್ಲ.

ಹೊಣೆ ಕಾಂಪೌಂಡಿಗೆ ಮುಗಿಯುತ್ತದೆಯೇ ಎಂಬುದು ಮಲೆನಾಡಿನಲ್ಲಿ ಇನ್ನೂ ತೊಡಕಿನ ಪ್ರಶ್ನೆ. ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಎಸ್ಟೇಟ್ ಹೋಂಸ್ಟೇಗಳ ಜಾಹೀರಾತು ನೋಡಿದರೆ ಅರ್ಧದಷ್ಟು ಚಿತ್ರ ರೂಮಿನದಲ್ಲ. ತೋಟದಾಚೆಯ ಹಳ್ಳ, ಸಣ್ಣ ಜಲಪಾತ, ಬೆಟ್ಟದ ತುದಿ. ಅಲ್ಲಿ ಯಾರಾದರೂ ಜಾರಿಬಿದ್ದರೆ ‘ಅದು ನಮ್ಮ ಜಾಗವಲ್ಲ, ಸರ್ಕಾರದ್ದು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಪಹಣಿಯಲ್ಲಿ ಅದು ಸರಿ. ಆದರೆ ಜಲಪಾತವನ್ನು ತೋರಿಸಿ ರೂಮು ಮಾರಿದವನು, ತನ್ನ ಹುಡುಗನನ್ನು ಜೊತೆಗೆ ಕಳಿಸಿ ದಾರಿ ತೋರಿಸಿದವನು, ಪಾಚಿ ಯಾವ ಬಂಡೆಯ ಮೇಲಿದೆ, ಮಳೆ ಬಂದ ಎಷ್ಟು ಹೊತ್ತಿಗೆ ನೀರು ಏರುತ್ತದೆ ಎಂದು ಬಲ್ಲವನು, ಅದನ್ನು ಹೇಳುವ ಹೊಣೆಯಿಂದ ಪಾರಾಗುವುದು ನ್ಯಾಯವಲ್ಲ. ಯಾವುದನ್ನು ತೋರಿಸಿ ಮಾರಿದೆಯೋ ಅಲ್ಲಿಯವರೆಗೂ ನಿನ್ನ ಹೊಣೆ ಎಂಬುದು ನನ್ನ ನಿಲುವು. ಕಾಡಿನಂಚಿಗೂ ಇದು ಅನ್ವಯ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿಯ ರೆಸಾರ್ಟಿನ ಟೆಂಟಿನಲ್ಲಿ ತಂಗಿದ್ದ ಯುವತಿಯನ್ನು ಕಾಡಾನೆ ಕೊಂದಿತು. ಆನೆ ಯಾರ ನೌಕರನೂ ಅಲ್ಲ, ನಿಜ. ಆನೆ ಓಡಾಡುವ ಜಾಗದಲ್ಲಿ ಬಟ್ಟೆಯ ಗೋಡೆ ಕಟ್ಟಿ ಬಾಡಿಗೆಗೆ ಕೊಟ್ಟದ್ದು ಆನೆಯಲ್ಲ.

ಜೀಪಿನ ಕಥೆಯೂ ಹೀಗೆಯೇ. ಕೊಡಗಿನ ಮಾಂದಲ್‌ಪಟ್ಟಿಯಂಥ ದಾರಿಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ವಾಹನ ಹಳದಿ ಬೋರ್ಡಿನದಾಗಿರಬೇಕು. ಬಿಳಿ ಬೋರ್ಡಿನ ಸ್ವಂತ ವಾಹನವನ್ನು ಬಾಡಿಗೆಗೆ ಓಡಿಸಿ ಅಪಘಾತವಾದರೆ, ಪಾಲಿಸಿಯ ಷರತ್ತು ಮುರಿದಿದೆ ಎಂದು ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಗಾಯಗೊಂಡವನು ಆಸ್ಪತ್ರೆಯ ಹಾಸಿಗೆಯಿಂದ ಎರಡು ಕಡೆ ಹೋರಾಡಬೇಕು.

ಮಾಲೀಕರ ಮಾತನ್ನೂ ಕೇಳಬೇಕು. ‘ರಾತ್ರಿ ಕುಡಿದು ಎರಡು ಗಂಟೆಗೆ ಕೊಳಕ್ಕೆ ಹಾರಿದರೆ ನಾವೇನು ಮಾಡೋಣ ಸಾರ್? ಬೇಡ ಅಂದರೆ ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ’ ಎಂಬ ಅಳಲು ಸುಳ್ಳಲ್ಲ. ಕಾನೂನೂ ಅದನ್ನು ಗಮನಿಸುತ್ತದೆ. ಅತಿಥಿಯ ತಪ್ಪು ಎಷ್ಟಿದೆಯೋ ಅಷ್ಟರ ಮಟ್ಟಿಗೆ ಪರಿಹಾರವನ್ನು ಕಡಿತ ಮಾಡುವ ಪದ್ಧತಿ ಇದೆ. ಬೇಲಿ ದಾಟಿ, ಕಾವಲುಗಾರನ ಮಾತು ಮೀರಿ ಹಾರಿದವನ ಮನೆಯವರಿಗೆ ಪೂರ್ತಿ ಪರಿಹಾರ ಸಿಗಬೇಕೆಂದು ನಾನೂ ಹೇಳಲಾರೆ. ಆದರೆ ಬೇಲಿ ಇರಬೇಕಲ್ಲ? ರಾತ್ರಿ ಹತ್ತರ ನಂತರ ಕೊಳದ ಗೇಟಿಗೆ ಹಾಕಿದ ಒಂದು ಬೀಗ, ಪ್ರಕರಣ ನಡೆಯುವ ದಿನ ಮಾಲೀಕನ ಪರವಾಗಿ ಯಾವ ಬೋರ್ಡಿಗಿಂತಲೂ ಚೆನ್ನಾಗಿ ಸಾಕ್ಷಿ ಹೇಳುತ್ತದೆ.

ಎಲ್ಲ ಅಪಾಯವೂ ಅತಿಥಿಯ ಮೋಜಿನಿಂದ ಬರುವುದಿಲ್ಲ ಎಂಬುದನ್ನೂ ಮರೆಯಬಾರದು. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿನ ರೆಸಾರ್ಟಿನಲ್ಲಿ ಕೇರಳದ ಎಂಟು ಪ್ರವಾಸಿಗರು, ಅವರಲ್ಲಿ ನಾಲ್ವರು ಮಕ್ಕಳು, ಚಳಿಗೆಂದು ರೂಮಿನಲ್ಲಿ ಗ್ಯಾಸ್ ಹೀಟರ್ ಹಚ್ಚಿ ಬಾಗಿಲು ಕಿಟಕಿ ಮುಚ್ಚಿಕೊಂಡು ಮಲಗಿದವರು ಏಳಲಿಲ್ಲ. ನಮ್ಮ ಎಷ್ಟೋ ಹೋಂಸ್ಟೇಗಳ ಬಚ್ಚಲಿನಲ್ಲಿ ಗೋಡೆಗೆ ಹೊಡೆದ ಗ್ಯಾಸ್ ಗೀಸರ್ ಇದೆ. ಚಳಿಗಾಳಿ ಬರುತ್ತದೆಂದು ಗವಾಕ್ಷಿಗೆ ರಟ್ಟು ಅಂಟಿಸಿರುತ್ತಾರೆ. ಗಾಳಿ ಸಾಲದೆ ಉರಿಯುವ ಗ್ಯಾಸಿನಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಚಿಲಕ ಹಾಕಿಕೊಂಡ ಬಾಗಿಲ ಹಿಂದೆ ಕುಸಿಯುತ್ತಾರೆ. ಗೀಸರನ್ನು ಹೊರಗಿನ ಗೋಡೆಗೆ ಹಾಕಿಸಿ ಪೈಪಿನಲ್ಲಿ ನೀರು ಒಳಗೆ ತಂದರೆ ಈ ಅಪಾಯ ಬಹುಮಟ್ಟಿಗೆ ಇಲ್ಲ. ಪ್ಲಂಬರನ ಅರ್ಧ ದಿನದ ಕೆಲಸ.

ಇನ್ನು ನಾನು ಆಗಲೇ ಹೇಳಿದ ಹಣದ ಪ್ರಶ್ನೆ. ಕೋವಳಂ ಪ್ರಕರಣದಲ್ಲಿ ಎದುರಾಳಿ ಸರ್ಕಾರಿ ನಿಗಮವಾಗಿತ್ತು. ಹದಿಮೂರು ವರ್ಷ ತಡವಾದರೂ ಅದರಿಂದ ವಸೂಲಿ ಸಾಧ್ಯ. ನಾಲ್ಕು ರೂಮಿನ ಹೋಂಸ್ಟೇ ನಡೆಸುವ, ಕಾಫಿ ಬೆಲೆ ಬಿದ್ದ ವರ್ಷ ಸಾಲ ಮಾಡಿ ಈಜುಕೊಳ ತೋಡಿಸಿದ ಮನೆತನದ ಮೇಲೆ ಅಷ್ಟೇ ಮೊತ್ತದ ಆದೇಶವಾದರೆ? ತೋಟ ಹರಾಜಾಗಬೇಕು, ಇಲ್ಲವೇ ಆದೇಶ ಕಡತದಲ್ಲಿ ಉಳಿಯಬೇಕು. ಎರಡೂ ಸಂದರ್ಭದಲ್ಲಿ ಒಂದು ಕುಟುಂಬ ಹಾಳಾಗುತ್ತದೆ. ಆಟೋರಿಕ್ಷಾ ರಸ್ತೆಗಿಳಿಯಬೇಕಾದರೆ ಮೂರನೆಯವರ ವಿಮೆ ಕಡ್ಡಾಯ. 1988ರ ಮೋಟಾರು ವಾಹನ ಕಾಯ್ದೆ ಅದಕ್ಕೆ ವಿನಾಯಿತಿ ಕೊಡುವುದಿಲ್ಲ. ಭೋಪಾಲ್ ದುರಂತದ ನಂತರ 1991ರಲ್ಲಿ ಬಂದ ಸಾರ್ವಜನಿಕ ಹೊಣೆ ವಿಮಾ ಕಾಯ್ದೆ ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವವರಿಗೆ ಮಾತ್ರ. ನೂರು ಜನ ತಂಗುವ, ಕೊಳ, ಜಿಪ್‌ಲೈನ್, ದೋಣಿ ಎಲ್ಲ ಇರುವ ರೆಸಾರ್ಟಿಗೆ ಈ ಎರಡು ಕಾಯ್ದೆಗಳಲ್ಲಿ ಯಾವುದೂ ತಾಕುವುದಿಲ್ಲ. ಸಾರ್ವಜನಿಕ ಹೊಣೆಯ ಪಾಲಿಸಿ ಮಾರುಕಟ್ಟೆಯಲ್ಲಿ ಇದೆ. ದೊಡ್ಡ ಹೋಟೆಲುಗಳು ಮಾಡಿಸಿಯೂ ಇವೆ. ಉಳಿದವರಿಗೆ ಅದು ಇಷ್ಟವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಪರವಾನಗಿಗೆ ಈ ವಿಮೆಯನ್ನು ಷರತ್ತಾಗಿಸಬೇಕು ಎಂಬುದು ನನ್ನ ವಾದ. ಪರಿಹಾರಕ್ಕೆ ಹಣ ಇರುತ್ತದೆ ಎಂಬುದು ಒಂದು ಲಾಭ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ತನ್ನ ದುಡ್ಡು ಹೋಗುತ್ತದೆ ಎಂಬ ಭಯವಿರುವ ತಪಾಸಕನೊಬ್ಬ ಸಾವಿನ ಮೊದಲೇ ಬರುತ್ತಾನೆ. ಕೊಳಕ್ಕೆ ಆಳದ ಗುರುತಿಲ್ಲ, ಜೀವರಕ್ಷಕನಿಲ್ಲ, ವಿದ್ಯುತ್ ಸೋರಿಕೆ ತಡೆಯುವ ಬ್ರೇಕರ್ ಇಲ್ಲ ಎಂದು ಪ್ರೀಮಿಯಂ ಏರಿಸುತ್ತಾನೆ, ಇಲ್ಲವೇ ಪಾಲಿಸಿ ಕೊಡುವುದಿಲ್ಲ ಎನ್ನುತ್ತಾನೆ. ಪಂಚಾಯಿತಿಯ ತಪಾಸಣೆ ಹೇಗೆ ನಡೆಯುತ್ತದೆಂದು ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಕೊಳವೇ ಇಲ್ಲದ, ಬರೇ ಊಟ-ವಸತಿಯ ಮನೆಗೆ ಪ್ರೀಮಿಯಂ ಸಹಜವಾಗಿ ಕಡಿಮೆಯಾಗುತ್ತದೆ. ಅಪಾಯವನ್ನು ಮಾರುವವನು ಅದಕ್ಕೆ ತಕ್ಕಷ್ಟು ಕಟ್ಟುತ್ತಾನೆ.

ಇದಕ್ಕೆ ಗಟ್ಟಿಯಾದ ಆಕ್ಷೇಪ ಒಂದಿದೆ. ಈಗಲೇ ನೋಂದಣಿಯಿಲ್ಲದೆ ನಡೆಯುವ ಹೋಂಸ್ಟೇಗಳಿವೆ. ಇನ್ನೊಂದು ಖರ್ಚು ಹೇರಿದರೆ ಇನ್ನಷ್ಟು ಜನ ಕಣ್ಣುತಪ್ಪಿಸುತ್ತಾರೆ. ಒಪ್ಪುತ್ತೇನೆ. ಆದರೆ ಇವತ್ತು ಕಣ್ಣುತಪ್ಪಿಸಿದವನಿಗೂ ಗಿರಾಕಿ ಬೇಕು, ಗಿರಾಕಿ ಬರುವುದು ಬುಕಿಂಗ್ ಆ್ಯಪ್‌ಗಳಿಂದ. ನೋಂದಣಿ ಸಂಖ್ಯೆ, ಪಾಲಿಸಿ ಸಂಖ್ಯೆ ಎರಡೂ ಇಲ್ಲದ ಜಾಗವನ್ನು ಪಟ್ಟಿಯಲ್ಲಿ ತೋರಿಸಬಾರದು ಎಂದು ಆ್ಯಪ್‌ಗಳನ್ನು ಹಿಡಿದರೆ, ಮನೆ ಮನೆಗೆ ತಹಶೀಲ್ದಾರರನ್ನು ಕಳಿಸುವುದಕ್ಕಿಂತ ಕೆಲಸ ಸುಲಭ. ಕಮಿಷನ್ ತೆಗೆದುಕೊಳ್ಳುವವರು ಅಷ್ಟಾದರೂ ಮಾಡಲಿ.

ಕ್ರಿಮಿನಲ್ ಕೇಸು ಬೇಡವೆಂದಲ್ಲ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದವರಿಗೆ ಹಳೆಯ ದಂಡ ಸಂಹಿತೆಯಲ್ಲಿ 2 ವರ್ಷದವರೆಗೆ ಇದ್ದ ಶಿಕ್ಷೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 5 ವರ್ಷಕ್ಕೆ ಏರಿದೆ. ಏರಲಿ. ಆದರೆ ಮ್ಯಾನೇಜರ್ ಜೈಲಿಗೆ ಹೋದದ್ದರಿಂದ ಬೆನ್ನುಮೂಳೆ ಮುರಿದವನ ಫಿಸಿಯೋಥೆರಪಿಯ ಬಿಲ್ಲು ತೀರುವುದಿಲ್ಲ.

ಕಾನೂನು ಬದಲಾಗುವವರೆಗೆ ಓದುಗರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. 2020ರ ಜುಲೈಯಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರನ್ನು ನೀವು ವಾಸಿಸುವ ಊರಿನಲ್ಲೇ ಸಲ್ಲಿಸಬಹುದು. ಮೈಸೂರಿನವರು ಮಂಗಳೂರಿಗೋ ಗೋವಾಕ್ಕೋ ಅಲೆಯಬೇಕಾಗಿಲ್ಲ. ದುಡ್ಡು ಕೊಟ್ಟವರು ಮಾತ್ರವಲ್ಲ, ಅವರ ಒಪ್ಪಿಗೆಯಿಂದ ಸೇವೆ ಪಡೆದ ಮಕ್ಕಳು, ಸ್ನೇಹಿತರು ಕೂಡ ಗ್ರಾಹಕರೇ. ಪೆಟ್ಟಾದ ದಿನವೇ ಜಾಗದ ಫೋಟೊ ತೆಗೆಯಿರಿ, ಸಿಸಿಟಿವಿ ದೃಶ್ಯ ಉಳಿಸಿಡಬೇಕೆಂದು ಬರಹದಲ್ಲಿ ಕೇಳಿ, ವೈದ್ಯರ ಚೀಟಿ, ಬಿಲ್ಲು, ಬುಕಿಂಗ್ ಸಂದೇಶ ಯಾವುದನ್ನೂ ಅಳಿಸಬೇಡಿ. ಮರುದಿನಕ್ಕೆ ಒಡೆದ ಟೈಲ್ಸ್ ಹೊಸದಾಗಿರುತ್ತದೆ, ಸವೆದ ಹಗ್ಗ ಕಾಣೆಯಾಗಿರುತ್ತದೆ. ರಿಸೆಪ್ಷನ್‌ನಲ್ಲಿ ಸಹಿ ಹಾಕಿದ್ದೀರಿ ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. ದೂರು ಕೊಡಲು ಇರುವ ಅವಧಿ 2 ವರ್ಷ.